ಮರಿಯಮ್ಮನ ಹೆಸರಿನ ಮಸೀದಿ, ಫರಂಗಿಪೇಟೆಯ ಕಾಕ

ಊರಿಂದ ಫೋನ್ ಮಾಡುವವರು ಇವತ್ತಿಗೂ ಕೇಳುತ್ತಾರೆ, "ಅಲ್ಲಿ ನಿಮಗೆ ಇಗರ್ಜಿಗೆ ಹೋಗಲು ಬಿಡುತ್ತಾರಾ?" ಬಿಡುತ್ತಾರೆ. ಅಬುಧಾಬಿಯಲ್ಲಿ ಮೊದಲ ಕಥೋಲಿಕ ಇಗರ್ಜಿ ಆದದ್ದು 1965ರಲ್ಲಿ. ಜಾಗ ಕೊಟ್ಟವರು ಆಗಿನ ದೊರೆ ಶೇಖ್ ಶಖ್ಬೂತ್. 1983ರಲ್ಲಿ ಅದು ಮುಶ್ರಿಫ್ ಎಂಬಲ್ಲಿಗೆ ಬಂತು. ಈಗಿನ ಸೇಂಟ್ ಜೋಸೆಫ್ಸ್ ಕಥೆಡ್ರಲ್ ಅದೇ. ಕೆಲಸಗಾರರು ಜಾಸ್ತಿ ಇರುವ ಮುಸಫ್ಫಾದಲ್ಲಿ 2015ರಲ್ಲಿ ಸೇಂಟ್ ಪಾಲ್ಸ್ ಇಗರ್ಜಿಯೂ ಆಯಿತು. ವಾರದ ಕೊನೆಗೆ ಇಂಗ್ಲಿಷ್, ಅರಬಿ, ಮಲಯಾಳಂ, ಫಿಲಿಪ್ಪೀನಿನವರ ತಗಾಲೊಗ್, ಹೀಗೆ ಒಂದರ ಹಿಂದೆ ಒಂದು ಪೂಜೆ. ನಮ್ಮ ಕೊಂಕಣಿ ಪೂಜೆಯೂ ಇದೆ. ಮಂಗಳೂರಿನ ಕುಲಶೇಖರದಲ್ಲಿ ಕಲಿತ ಹಾಡುಗಳನ್ನೇ ಇಲ್ಲಿಯೂ ಹಾಡುತ್ತೇವೆ.

ನಾನು ಇವತ್ತು ಬರೆಯಬೇಕೆಂದಿರುವುದು ಆ ಕಥೆಡ್ರಲ್ ಪಕ್ಕದ ಮಸೀದಿಯಿಂದ ಶುರುವಾದ ಮಾತುಕತೆಯ ಬಗ್ಗೆ. ಮೊದಲು ಆ ಮಸೀದಿಗೆ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ಅವರ ಹೆಸರಿತ್ತು. 2017ರಲ್ಲಿ ಅವರೇ ತಮ್ಮ ಹೆಸರು ತೆಗೆಸಿ 'ಮರ್ಯಂ ಉಮ್ಮ್ ಈಸಾ' ಎಂದು ಇಡಿಸಿದರು. ಯೇಸುವಿನ ತಾಯಿ ಮರಿಯಮ್ಮನ ಹೆಸರು. ಆಗ ಅವರು ಯುವರಾಜ, ಈಗ ದೇಶದ ಅಧ್ಯಕ್ಷ.

ಮಸೀದಿಗೆ ನಮ್ಮ ಮಾತೆಯ ಹೆಸರು ಯಾಕೆ ಎಂದು ನಾನು ಕೇಳಿದ್ದು ಕಾಕನ ಹತ್ತಿರ. ಕಾಕ ನಮ್ಮ ಕಂಪನಿಯ ಸ್ಟೋರ್ ನೋಡಿಕೊಳ್ಳುವವರು. ಮಂಗಳೂರಿನ ಹತ್ತಿರದ ಫರಂಗಿಪೇಟೆಯ ಬ್ಯಾರಿ ಮುಸ್ಲಿಮರು, ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು. ನನ್ನನ್ನು "ಪೊರ್ಬುಲೇ" ಎಂದೇ ಕರೆಯುವುದು. ತುಳುವಿನಲ್ಲಿ ಕ್ರೈಸ್ತರನ್ನು ಕರೆಯುವ ಮಾತು ಅದು. ನನ್ನ ಮನೆಮಾತು ಕೊಂಕಣಿ, ಅವರದು ಬ್ಯಾರಿ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪೊರ್ಬುಲೇ, ಖುರಾನಿನಲ್ಲಿ ಮರ್ಯಂ ಬೀವಿಯ ಹೆಸರಿನ ಒಂದು ಅಧ್ಯಾಯವೇ ಇದೆ, ಗೊತ್ತಿಲ್ವಾ?" ಎಂದರು. ಇದೆ. ಹತ್ತೊಂಬತ್ತನೆಯ ಅಧ್ಯಾಯ. ದೇವದೂತ ಬಂದು ಕನ್ಯೆಗೆ ಮಗುವಿನ ಸುದ್ದಿ ಹೇಳುವುದು ನಮ್ಮ ಲೂಕನ ಸುವಾರ್ತೆಯಲ್ಲೂ ಇದೆ, ಅಲ್ಲಿಯೂ ಇದೆ. ಹೆರಿಗೆಯ ಕತೆ ಮಾತ್ರ ಬೇರೆ. ನೋವು ಶುರುವಾದಾಗ ಮರ್ಯಂ ಒಬ್ಬಳೇ ಖರ್ಜೂರದ ಮರದ ಬುಡಕ್ಕೆ ಬರುತ್ತಾಳೆ. ಇದಕ್ಕಿಂತ ಮೊದಲೇ ಸತ್ತಿದ್ದರೆ ಒಳ್ಳೆಯದಿತ್ತು ಎಂದು ಅಳುತ್ತಾಳೆ. ಆಗ ದುಃಖಪಡಬೇಡ, ನಿನ್ನ ಕಾಲ ಕೆಳಗೆ ನೀರು ಹರಿಯುತ್ತಿದೆ, ಮರ ಅಲುಗಾಡಿಸು, ಹಣ್ಣು ಬೀಳುತ್ತದೆ, ತಿನ್ನು, ಕುಡಿ ಎಂಬ ಮಾತು ಕೇಳುತ್ತದೆ. ಕಾಕ ಇದನ್ನು ಅರಬಿಯಲ್ಲಿ ಓದಿ ತುಳುವಿನಲ್ಲಿ ಹೇಳಿದರು. ಬೆತ್ಲೆಹೇಮಿನ ಗೋದಲಿ ಕಟ್ಟುತ್ತಾ ಬೆಳೆದವನು ನಾನು. ಮರಿಯಮ್ಮ ನೋವಿನಲ್ಲಿ ಅತ್ತದ್ದನ್ನು ಯಾರ ಬಾಯಲ್ಲೂ ಹಾಗೆ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು.

ಹೆಸರು ಹಿಡಿದು ಹೇಳುವ ಲೆಕ್ಕದಲ್ಲಿ ಮರಿಯಮ್ಮನ ಹೆಸರು ನಮ್ಮ ಹೊಸ ಒಡಂಬಡಿಕೆಗಿಂತ ಖುರಾನಿನಲ್ಲೇ ಜಾಸ್ತಿ ಸಲ ಬರುತ್ತದೆ. ಇದನ್ನು ಊರಲ್ಲಿ ನಮಗೆ ಯಾವ ಧರ್ಮೋಪದೇಶದ ಕ್ಲಾಸಿನಲ್ಲೂ ಹೇಳಿರಲಿಲ್ಲ. ಕಾಕನ ಕಡೆಯೂ ಅಷ್ಟೇ. ಅವರ ಮನೆ ಇರುವುದು ಮೊಂತೆ ಮರಿಯಾನೊ ಗುಡ್ಡೆಯ ಹತ್ತಿರ. ನೇತ್ರಾವತಿ ದಡದ ಆ ಗುಡ್ಡೆಯಲ್ಲೇ 1763ರಲ್ಲಿ ಫಾದರ್ ಜೋಕಿಂ ಮಿರಾಂದ ಅವರು ಮೊಂತಿ ಫೆಸ್ತ್ ಶುರು ಮಾಡಿದರು ಎನ್ನುತ್ತದೆ ನಮ್ಮ ಚರಿತ್ರೆ. ಸೆಪ್ಟೆಂಬರ್ 8ಕ್ಕೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಮಕ್ಕಳು ಒಂಬತ್ತು ದಿನ ಹೂ ಹಾಕುವುದನ್ನು ಕಾಕ ಚಿಕ್ಕಂದಿನಲ್ಲಿ ರಸ್ತೆಯ ಆಚೆಯಿಂದ ನೋಡಿದ್ದಾರೆ. ಯಾರಿಗೆ ಹೂ, ಯಾಕೆ ತೆನೆ, ಯಾರೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

ನಮ್ಮೂರಿನ ಸ್ನೇಹ ಹೀಗೆಯೇ ಇದೆ. ಪೆರ್ನಾಲ್‌ಗೆ ಅಂದರೆ ಈದ್ ಹಬ್ಬಕ್ಕೆ ಆಚೆ ಮನೆಯ ಬಿರಿಯಾನಿ ನಮಗೆ ಬರುತ್ತದೆ. ಕ್ರಿಸ್ಮಸ್‌ಗೆ ನಮ್ಮ ಕುಸ್ವಾರ್ ತಿಂಡಿ ಅವರಿಗೆ ಹೋಗುತ್ತದೆ. ಅತ್ತೂರು ಇಗರ್ಜಿಯ ಜಾತ್ರೆ ಸಾಂತ್‌ಮಾರಿಗೆ ಎಲ್ಲರೂ ಹೋಗುತ್ತಾರೆ, ಉಳ್ಳಾಲದ ಉರೂಸಿಗೂ ಹೋಗುತ್ತಾರೆ. ಇದೆಲ್ಲ ಸಣ್ಣ ವಿಷಯ ಎಂದು ನಾನು ಹೇಳುವುದಿಲ್ಲ. ಆದರೆ ತಟ್ಟೆಯಾಚೆಗೆ ಮಾತು ಹೋಗುವುದಿಲ್ಲ. ನೀವು ಏನು ನಂಬುತ್ತೀರಿ ಎಂದು ಕೇಳಿದರೆ ಜಗಳ ಆದೀತು ಎಂಬ ಹೆದರಿಕೆ. ಹಾಗೆ ಕೇಳದೆ ಬಿಟ್ಟ ಜಾಗಕ್ಕೆ ವಾಟ್ಸಾಪ್ ಬಂದು ಕೂತಿದೆ. ಆಚೆ ಮನೆಯವರ ಧರ್ಮ ಏನು ಹೇಳುತ್ತದೆ ಎಂದು ಆಚೆ ಮನೆಯನ್ನೇ ನೋಡದ ಯಾರೋ ನಮಗೆ ಕಲಿಸುತ್ತಾನೆ. ಇಪ್ಪತ್ತು ವರ್ಷ ಬಿರಿಯಾನಿ ತಿಂದವರೂ ಅದನ್ನು ನಂಬಿಬಿಡುತ್ತಾರೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ನಾನೂ ಕಾಕನೂ ಎಲ್ಲದರಲ್ಲೂ ಒಪ್ಪಿದೆವು ಎಂದುಕೊಳ್ಳಬೇಡಿ. ಯೇಸು ಅವರಿಗೆ ಈಸಾ ನಬಿ, ದೊಡ್ಡ ಪ್ರವಾದಿ. ನನಗೆ ದೇವಪುತ್ರ. ಶಿಲುಬೆಯ ಮರಣವನ್ನು ಖುರಾನ್ ಒಪ್ಪುವುದಿಲ್ಲ. ನಮಗೆ ಶುಭ ಶುಕ್ರವಾರ ಇಲ್ಲದಿದ್ದರೆ ಈಸ್ಟರ್ ಇಲ್ಲ, ಈಸ್ಟರ್ ಇಲ್ಲದಿದ್ದರೆ ಏನೂ ಇಲ್ಲ. "ದೇವರಿಗೆ ಮಗ ಅಂದರೆ ಹೇಗೆ?" ಎಂದು ಕಾಕ ನೇರವಾಗಿಯೇ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ಅವರು ಹೇಳಿದ್ದು ನನಗೂ ಆಗಲಿಲ್ಲ. ಆದರೆ ಅವರ ನಂಬಿಕೆಯಲ್ಲಿ ಯೇಸುವಿಗೆ ಎಷ್ಟು ಮರ್ಯಾದೆ ಇದೆ ಎಂದು ಈಗ ನನಗೆ ಗೊತ್ತು. ನಾವು ಮೂರು ದೇವರನ್ನು ಪೂಜಿಸುವವರಲ್ಲ ಎಂದು ಅವರಿಗೂ ಗೊತ್ತು.

ಈ ಮಾತುಗಳೆಲ್ಲ ಜಾಸ್ತಿ ನಡೆದದ್ದು 2025ರ ಮಾರ್ಚ್‌ನಲ್ಲಿ. ಆ ವರ್ಷ ರಂಜಾನ್ ಮತ್ತು ಈಸ್ಟರಿಗೆ ಮೊದಲಿನ ನಮ್ಮ ತಪಸ್ಸು ಕಾಲ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಇಲ್ಲಿ ರಂಜಾನ್ ಮಾರ್ಚ್ 1ಕ್ಕೆ, ಬೂದಿ ಬುಧವಾರ ಮಾರ್ಚ್ 5ಕ್ಕೆ. ಸಂಜೆ ಬಾಂಗ್ ಆದ ಮೇಲೆ ಕಾಕನ ರೂಮಿನಲ್ಲಿ ಖರ್ಜೂರ, ಗಂಜಿ, ಸಮೋಸ. ಶುಕ್ರವಾರ ನಾನು ಮಾಂಸ ಮುಟ್ಟುವುದಿಲ್ಲ ಎಂದು ತಿಳಿದ ಮೇಲೆ ನನಗಾಗಿ ತರಕಾರಿ ಸಮೋಸ ಬೇರೆ ಇಡುತ್ತಿದ್ದರು. ನೀರೂ ಕುಡಿಯದೆ ಹದಿಮೂರು ಗಂಟೆ ಇರುವವರು ನನ್ನ ಸಣ್ಣ ವ್ರತಕ್ಕೆ ಕೊಟ್ಟ ಬೆಲೆ ಅದು.

ಒಂದು ಸಂಜೆ ಅವರು ಅಬಿಸೀನಿಯಾದ ರಾಜ ನಜಾಶಿಯ ಕತೆ ಹೇಳಿದರು. ಮಕ್ಕಾದಲ್ಲಿ ಹಿಂಸೆ ಜಾಸ್ತಿಯಾದಾಗ, ಸುಮಾರು 615ರಲ್ಲಿ, ಪ್ರವಾದಿಯವರು ತಮ್ಮ ಕೆಲವು ಸಂಗಡಿಗರನ್ನು ಕಳಿಸಿದ್ದು ಈ ಕ್ರೈಸ್ತ ರಾಜನ ನಾಡಿಗೆ. ಅವರನ್ನು ವಾಪಸ್ ಕರೆದೊಯ್ಯಲು ಮಕ್ಕಾದವರು ಹಿಂದೆಯೇ ಬಂದರು. ನಿಮ್ಮ ನಂಬಿಕೆ ಏನು ಎಂದು ರಾಜ ಕೇಳಿದಾಗ ಜಾಫರ್ ಎಂಬವರು ಓದಿ ಹೇಳಿದ್ದು ಇದೇ ಮರ್ಯಂ ಅಧ್ಯಾಯವನ್ನು. ರಾಜ ಅತ್ತ, ಅವರನ್ನು ಬಿಟ್ಟುಕೊಡಲಿಲ್ಲ ಎನ್ನುತ್ತದೆ ಇಸ್ಲಾಮಿನ ಚರಿತ್ರೆ. ನಾನು ಅವರಿಗೆ ಸಂತ ಫ್ರಾನ್ಸಿಸರ ಕತೆ ಹೇಳಿದೆ. 1219ರಲ್ಲಿ ಈಜಿಪ್ಟಿನ ದಮಿಯೆತ್ತಾದಲ್ಲಿ ಧರ್ಮಯುದ್ಧ ನಡೆಯುತ್ತಿತ್ತು. ಫ್ರಾನ್ಸಿಸರು ಆಯುಧ ಇಲ್ಲದೆ ಗಡಿ ದಾಟಿ ಸುಲ್ತಾನ್ ಅಲ್ ಕಾಮಿಲನನ್ನು ಕಾಣಲು ಹೋದರು. ಸುಲ್ತಾನ ಮಾತು ಕೇಳಿದ, ಮರ್ಯಾದೆಯಿಂದ ಕಳಿಸಿಕೊಟ್ಟ. ಫರಂಗಿಪೇಟೆಯ ಗುಡ್ಡೆಯಲ್ಲಿರುವ ಕಪುಚಿನ್ ಗುರುಗಳು ಆ ಫ್ರಾನ್ಸಿಸರ ಪಂಥದವರೇ ಎಂದಾಗ ಕಾಕನಿಗೆ ಬಹಳ ಖುಷಿಯಾಯಿತು.

ಫ್ರಾನ್ಸಿಸ್ ಎಂಬ ಹೆಸರಿಟ್ಟುಕೊಂಡ ಪೋಪರು ಇಲ್ಲಿಗೆ ಬಂದದ್ದು ಆ ಭೇಟಿಗೆ ಸರಿಯಾಗಿ 800 ವರ್ಷ ಆದಾಗ, 2019ರಲ್ಲಿ. ಅರೇಬಿಯಾ ನೆಲಕ್ಕೆ ಪೋಪರೊಬ್ಬರು ಬಂದದ್ದು ಅದೇ ಮೊದಲು. ಫೆಬ್ರವರಿ 5ರಂದು ಝಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಪೂಜೆ, ಲಕ್ಷಕ್ಕೂ ಮೀರಿದ ಜನ. ನಾನೂ ಹೋಗಿದ್ದೆ. ಆವತ್ತಿನ ನನ್ನ ಕೆಲಸ ಕಾಕ ನೋಡಿಕೊಂಡರು. ಹಿಂದಿನ ದಿನ, ಫೆಬ್ರವರಿ 4ರಂದು, ಪೋಪರೂ ಈಜಿಪ್ಟಿನ ಇಸ್ಲಾಮಿಕ್ ವಿದ್ಯಾಕೇಂದ್ರ ಅಲ್ ಅಝರ್‌ನ ದೊಡ್ಡ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅವರೂ ಮಾನವ ಸೋದರತೆಯ ಪತ್ರಕ್ಕೆ ಸಹಿ ಹಾಕಿದ್ದರು. ದ್ವೇಷಕ್ಕೆ, ಹಿಂಸೆಗೆ ದೇವರ ಹೆಸರು ಬಳಸಬೇಡಿ ಎಂಬುದು ಅದರ ಮುಖ್ಯ ಮಾತು. ನನಗೆ ಹಿಡಿಸಿದ್ದು ಇನ್ನೊಂದು. ಒಂದು ದೇಶದಲ್ಲಿ ಎಲ್ಲರೂ ಪೂರ್ಣ ನಾಗರಿಕರು, ಜನರನ್ನು ಕೀಳಾಗಿ ಕಾಣಲು ಅಲ್ಪಸಂಖ್ಯಾತ ಎಂಬ ಮಾತನ್ನು ಬಳಸಬಾರದು ಎಂದು ಅದು ಹೇಳುತ್ತದೆ. ವಿಶ್ವಸಂಸ್ಥೆ ಆ ಫೆಬ್ರವರಿ 4ನ್ನು ಮಾನವ ಸೋದರತೆಯ ದಿನ ಮಾಡಿದೆ. ಸಾದಿಯಾತ್ ದ್ವೀಪದಲ್ಲಿ ಮಸೀದಿ, ಇಗರ್ಜಿ, ಯಹೂದಿಗಳ ಸಿನಗಾಗ್ ಮೂರೂ ಒಂದೇ ಅಂಗಳದಲ್ಲಿ ಎದ್ದು 2023ರಲ್ಲಿ ಜನರಿಗೆ ತೆರೆದವು. ಊರಿಂದ ಬರುವವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಇಲ್ಲಿಯ ಶಾಂತಿಯ ಹಿಂದೆ ಕಾನೂನಿನ ಬಿಗಿಯೂ ಇದೆ. ಧರ್ಮ ನಿಂದನೆಗೆ, ದ್ವೇಷ ಹರಡುವುದಕ್ಕೆ ಕಾನೂನಿನಲ್ಲಿ ಕಠಿಣ ಶಿಕ್ಷೆ. ಮುಸ್ಲಿಮರಿಗೆ ಬೇರೆ ಧರ್ಮ ಬೋಧಿಸುವ ಹಾಗಿಲ್ಲ. ಇದನ್ನೂ ಹೇಳದಿದ್ದರೆ ಚಿತ್ರ ಅರ್ಧ ಆಗುತ್ತದೆ. ಮಂಗಳೂರಿನಲ್ಲಿ ನಮಗೆ ಕೂತು ಮಾತಾಡಲು, ವಾದ ಮಾಡಲು, ಪ್ರಶ್ನೆ ಕೇಳಲು ಯಾರ ಅಪ್ಪಣೆಯೂ ಬೇಡ. ಅಷ್ಟು ಸ್ವಾತಂತ್ರ್ಯ ಇಟ್ಟುಕೊಂಡು ಸುಮ್ನೆ ಕೂತಿದ್ದೇವೆ, ಅಲ್ವಾ?

ಕಷ್ಟದ ಮಾತೂ ಇದೆ. 1784ರ ಬೂದಿ ಬುಧವಾರ ಟಿಪ್ಪು ಸುಲ್ತಾನ ಕರಾವಳಿಯ ಕಥೋಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಬ್ರಿಟಿಷರಿಗೆ ನೆರವಾದರು ಎಂಬುದು ಅವನ ಆರೋಪ. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಸೇರಿ ಹಲವು ಇಗರ್ಜಿಗಳನ್ನು ಕೆಡವಿಸಿದ. 1799ರಲ್ಲಿ ಅವನು ಸಾಯುವ ತನಕ ನಮ್ಮವರು ಸೆರೆಯಲ್ಲಿದ್ದರು. ದಾರಿಯಲ್ಲೇ ಸತ್ತವರೆಷ್ಟೋ. ನಮ್ಮ ಅಜ್ಜಿ ಈ ಕತೆಯನ್ನು ನಿನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಿದ್ದರು. ಇದನ್ನು ಕಾಕನಿಗೆ ಹೇಳುವುದೋ ಬೇಡವೋ ಎಂದು ತುಂಬ ಯೋಚಿಸಿದೆ. ಕೊನೆಗೆ ಹೇಳಿದೆ.

ಕಾಕ ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಮಂಗಳೂರಿನ ಬಂದರದ ಝೀನತ್ ಭಕ್ಷ್ ಮಸೀದಿಯ ವಿಷಯ. ಪ್ರವಾದಿಯವರ ಕಾಲ ಕಳೆದು ಹೆಚ್ಚು ವರ್ಷ ಆಗುವ ಮೊದಲೇ, 644ರಲ್ಲಿ, ಅರಬ್ ವ್ಯಾಪಾರಿಗಳು ಕಟ್ಟಿದ್ದು ಎಂಬ ನಂಬಿಕೆ ಅವರಲ್ಲಿದೆ. ಅದನ್ನು ದುರಸ್ತಿ ಮಾಡಿಸಿ, ಚೆಂದ ಮಾಡಿಸಿ, ಮಗಳ ಹೆಸರಿಟ್ಟವನು ಟಿಪ್ಪು. "ನಮಗೆ ಅವ ಪಳ್ಳಿ ಕಟ್ಟಿಸಿದವ. ನಿಮ್ಮ ಇಗರ್ಜಿ ಕೆಡವಿದ ಮಾತನ್ನು ನಮಗೆ ಯಾರೂ ಹೇಳಲಿಲ್ಲ ಪೊರ್ಬುಲೇ. ನಿಮ್ಮ ಅಜ್ಜಿಯ ಕತೆ ನನ್ನ ಮಕ್ಕಳಿಗೂ ಹೇಳುತ್ತೇನೆ," ಎಂದರು.

ಮಿಲಾಗ್ರಿಸ್‌ನಿಂದ ಬಂದರದ ಮಸೀದಿಗೆ ನಡೆದೇ ಹೋಗಬಹುದು. ಅಷ್ಟು ಹತ್ತಿರ ಇದ್ದುಕೊಂಡು ಒಬ್ಬನೇ ಸುಲ್ತಾನನ ಎರಡು ನೆನಪುಗಳನ್ನು ಇನ್ನೂರು ವರ್ಷ ಬೇರೆ ಬೇರೆ ಇಟ್ಟುಕೊಂಡಿದ್ದೇವೆ. ನೆನಪನ್ನು ಮರೆಯಿರಿ ಎನ್ನಲು ನನಗೆ ಮನಸ್ಸಿಲ್ಲ. ಸೆರೆಯಲ್ಲಿ ಸತ್ತವರು ನಮ್ಮ ಹಿರಿಯರು. ಆದರೆ ಆ ಲೆಕ್ಕವನ್ನು ಇವತ್ತು ಬಂದರದಲ್ಲಿ ಮೀನು ಮಾರುವವನ ಹೆಸರಿಗೆ ಬರೆಯುವುದು ಅನ್ಯಾಯ. 1965ರ ಅಕ್ಟೋಬರ್ 28ರಂದು ನಮ್ಮ ಧರ್ಮಸಭೆಯೇ ವ್ಯಾಟಿಕನ್ ಮಹಾಸಭೆಯಲ್ಲಿ ಇದನ್ನು ಹೇಳಿತ್ತು. ಮುಸ್ಲಿಮರು ಯೇಸುವನ್ನು ಪ್ರವಾದಿಯಾಗಿ ಗೌರವಿಸುತ್ತಾರೆ, ಮರಿಯಮ್ಮನನ್ನು ಗೌರವಿಸುತ್ತಾರೆ, ಹಳೆಯ ಜಗಳ ಬಿಟ್ಟು ಒಬ್ಬರನ್ನೊಬ್ಬರು ಅರಿಯಲು ಮನಸ್ಸಿಟ್ಟು ಪ್ರಯತ್ನಿಸಿ ಎಂದು. ಮನಸ್ಸಿಟ್ಟು ಪ್ರಯತ್ನಿಸುವ ಕೆಲಸ ಬಿಷಪರದ್ದು, ಖಾಜಿಯವರದ್ದು ಎಂದು ನಾವು ಬಿಟ್ಟಿದ್ದೇವೆ. ವೇದಿಕೆಯಲ್ಲಿ ಶಾಲು ಹಾಕಿ ಫೋಟೊ ತೆಗೆಸಿದರೆ ಅದು ಆಗುವುದಿಲ್ಲ. ವಾಳ್ಯದ, ಅಂದರೆ ಇಗರ್ಜಿಯ ವಾರ್ಡಿನ, ಸಭೆಗೆ ಪಕ್ಕದ ಮಸೀದಿಯ ಉಸ್ತಾದರನ್ನು ಕರೆಯಬಹುದು. ಮದ್ರಸದ ಮಕ್ಕಳನ್ನು ಮೊಂತಿ ಹಬ್ಬದ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ನೋಡಲು ಕರೆಯಬಹುದು. ಹತ್ತು ಜನ ಬಂದರೂ ಸಾಕು.

ಈ ಸೆಪ್ಟೆಂಬರ್‌ಗೆ ಕಾಕನಿಗೂ ನನಗೂ ರಜೆ ಒಟ್ಟಿಗೆ ಬಿದ್ದಿದೆ. ಅವರ ಮಕ್ಕಳನ್ನು ಗುಡ್ಡೆಗೆ ಕರೆದೊಯ್ಯುವ ಕೆಲಸ ನನ್ನದು. ಅಮ್ಮನನ್ನು ಮತ್ತು ನನ್ನನ್ನು ಬಂದರಕ್ಕೆ ಕರೆದೊಯ್ಯುವುದು ಅವರದ್ದು.

ಅಮ್ಮ ಈಗಲೇ ತಯಾರಿ ಶುರು ಮಾಡಿದ್ದಾರೆ. ಖರ್ಜೂರದ ಮರದ ಕತೆಯನ್ನು ಅವರಿಗೆ ಫೋನಿನಲ್ಲಿ ಹೇಳಿದ್ದೆ. ಅವರು ಆಚೆ ಮನೆಯ ಉಮ್ಮನ ಹತ್ತಿರ ಹೋಗಿ, ಇದು ಹೌದಾ ಎಂದು ಕೇಳಿದ್ದಾರೆ. ಉಮ್ಮ ಆ ಭಾಗವನ್ನು ಓದಿ ತೋರಿಸಿದರಂತೆ. ಇಬ್ಬರೂ ತಮ್ಮ ತಮ್ಮ ಹೆರಿಗೆಯ ಮಾತು ತೆಗೆದು ಮಧ್ಯಾಹ್ನ ಪೂರ್ತಿ ಕೂತಿದ್ದರಂತೆ. ಮೊನ್ನೆ ಅಮ್ಮನ ಫೋನ್ ಬಂತು. "ಮರಿಯಮ್ಮ ಒಬ್ಬಳೇ ಮರದಡಿಗೆ ಹೋದಳು ಅಂದರೆ ನಮ್ಮ ಸಂತ ಜೋಸೆಫರು ಎಲ್ಲಿದ್ದರು? ಇವರಿಗೆ ಗೊತ್ತಿಲ್ಲವಂತೆ. ನಿನ್ನ ಕಾಕನ ಹತ್ತಿರ ಕೇಳಿ ಹೇಳು," ಎಂದರು. ಕೇಳಿದೆ. ಖುರಾನಿನಲ್ಲಿ ಜೋಸೆಫರ ಮಾತೇ ಇಲ್ಲ ಎಂದರು ಕಾಕ. ಯಾಕಿಲ್ಲ ಎಂಬುದನ್ನು ಅಮ್ಮನೇ ಬಂದರದ ಉಸ್ತಾದರ ಹತ್ತಿರ ಕೇಳಲಿ, ನಾನು ಮೊದಲೇ ತಿಳಿಸಿ ಇಡುತ್ತೇನೆ ಎಂದು ಅವತ್ತೇ ಊರಿಗೆ ಫೋನ್ ಮಾಡಿದರು.