ಅಮ್ಮನ ಎಫ್‌ಡಿ ಲೆಕ್ಕ: ಏಳು ಪರ್ಸೆಂಟಿನವು ಬೆಳೆಯಲೇ ಇಲ್ಲ

ಶನಿವಾರ ರಾತ್ರಿ

ಅಮ್ಮನ ಹನ್ನೊಂದು ಎಫ್‌ಡಿಗಳನ್ನು ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸಿನ ಟೇಬಲ್‌ಗೆ ತುಂಬಿಸಿ ಮುಗಿಯಿತು. ಇವತ್ತು ಮೆಚ್ಯೂರಿಟಿ ಮೊತ್ತದ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ. ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತದೆ. ಹಾಗಾಗಿ ಸೂತ್ರ ಹೀಗೆ (ಪವರ್ ಅಂದರೆ ಘಾತ ತೆಗೆಯುವ ಫಂಕ್ಷನ್):

ಅಸಲು * ಪವರ್(1 + ದರ/400, 4 * ವರ್ಷ)

ಮೊದಲು ಆಫೀಸಿನ ಅಭ್ಯಾಸದಲ್ಲಿ ಟೋಪಿ ಗುರುತು (^) ಹಾಕಿದ್ದೆ. ಅಲ್ಲಿನ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಅದು ಘಾತದ ಗುರುತು, 2 ^ 3 ಅಂದರೆ 8. ಎಸ್‌ಕ್ಯೂಲೈಟ್‌ಗೆ ಆ ಗುರುತೇ ಗೊತ್ತಿಲ್ಲ, ಎರರ್ ಕೊಟ್ಟಿತು. ಪುಣ್ಯ! ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್ ಆಗಿದ್ದರೆ ಅದನ್ನು ಎಕ್ಸ್‌ಓಆರ್ (ಬಿಟ್‌ಗಳನ್ನು ಹೋಲಿಸುವ ಲೆಕ್ಕ) ಅಂತ ತಿಳಿದು 1 ಅಂತ ಉತ್ತರ ಕೊಟ್ಟು ಸುಮ್ಮನಿರುತ್ತಿತ್ತು.

ಪವರ್ ಹಾಕಿದ ಮೇಲೆ ಎರರ್ ಹೋಯಿತು, ತಮಾಷೆ ಶುರುವಾಯಿತು. 7.25 ದರದವೆಲ್ಲ ಸರಿಯಾಗಿ ಬೆಳೆದಿವೆ. 7 ದರದ ಒಂದು ಲಕ್ಷ ಮಾತ್ರ ಐದು ವರ್ಷ ಆದರೂ ಒಂದು ಲಕ್ಷವೇ! ಅಮ್ಮ ಇಣುಕಿ ನೋಡಿ, "ಬಡ್ಡಿ ಎಲ್ಲೋ ಹೋಯ್ತು?" ಅಂದರು.

ಒಂದು ಗಂಟೆ ತಲೆ ಕೆರೆದುಕೊಂಡೆ. ತಪ್ಪು ಪವರ್‌ನದ್ದಲ್ಲ, ಅದರೊಳಗಿನ ಭಾಗಾಕಾರದ್ದು. ದರದ ಕಾಲಂ ಅನ್ನು ಇಂಟಿಜರ್ (ಪೂರ್ಣಾಂಕ) ಅಂತ ಮಾಡಿದ್ದೆ. ಎಸ್‌ಕ್ಯೂಲೈಟ್ ಈ ವಿಷಯದಲ್ಲಿ ಜಾಸ್ತಿ ಧಾರಾಳಿ. 7.25 ಕೊಟ್ಟರೆ ದಶಾಂಶವಾಗಿಯೇ ಇಟ್ಟುಕೊಳ್ಳುತ್ತದೆ, 7.0 ಕೊಟ್ಟರೆ ಬರೀ 7 ಮಾಡುತ್ತದೆ. ಎರಡೂ ಕಡೆ ಪೂರ್ಣಾಂಕ ಇದ್ದರೆ 7/400 ಅಂದರೆ ಸೊನ್ನೆ. ಒಂದನ್ನು ಎಷ್ಟು ಸಲ ಗುಣಿಸಿದರೂ ಒಂದೇ ಅಲ್ವಾ? 400 ಇದ್ದಲ್ಲಿ 400.0 ಬರೆದೆ, 1,41,478 ಬಂತು. ಬ್ಯಾಂಕು ಕೊಟ್ಟ ಎಫ್‌ಡಿ ಬಾಂಡಿನಲ್ಲೂ ಅದೇ. ಕಾಲಂ ಅನ್ನೂ ರಿಯಲ್ (ದಶಾಂಶ) ಮಾಡಿಬಿಟ್ಟೆ.

ಭಾನುವಾರ

444 ದಿನದ ಎಫ್‌ಡಿ ಒಂದಿದೆ, 7.25 ದರದ್ದು. ಘಾತದ ಜಾಗದಲ್ಲಿ 4 * 444/365.0 ಕೊಟ್ಟೆ. ಅಲ್ಲಿ .0 ಮರೆತರೆ ಬರೀ 4 ಆಗಿಬಿಡುತ್ತದೆ, ಮತ್ತೆ ಅದೇ ಕಥೆ. ಈ ಸಲ ಮರೆಯಲಿಲ್ಲ. ಆದರೂ ಬಾಂಡಿಗಿಂತ ಲಕ್ಷಕ್ಕೆ ಎರಡು ರೂಪಾಯಿ ಕಮ್ಮಿ. ಬ್ಯಾಂಕು ಪೂರ್ತಿ ಕ್ವಾರ್ಟರ್‌ಗಳಿಗೆ ಚಕ್ರಬಡ್ಡಿ ಹಾಕಿ, ಉಳಿದ 79 ದಿನಕ್ಕೆ ಸರಳಬಡ್ಡಿ ಕೊಟ್ಟಿದೆ. ಎರಡು ತುಂಡು ಮಾಡಿ ಬರೆದ ಮೇಲೆ ತಾಳೆಯಾಯಿತು.

ಹಳೇ ಲ್ಯಾಪ್‌ಟಾಪಿನಲ್ಲಿ ಪವರ್ ಫಂಕ್ಷನ್ನೇ ಇಲ್ಲ ಅಂದಿತು. ಎಸ್‌ಕ್ಯೂಲೈಟ್‌ಗೆ ಈ ಗಣಿತದ ಫಂಕ್ಷನ್‌ಗಳು ಬಂದಿದ್ದೇ 2021ರ 3.35 ಆವೃತ್ತಿಯಲ್ಲಿ. ಪೈಥಾನ್ ಪ್ರೋಗ್ರಾಂನಿಂದ ನಮ್ಮದೇ ಫಂಕ್ಷನ್ ಸೇರಿಸಬಹುದು, ಒಂದೇ ಸಾಲು. ಸೇರಿಸಿದೆ.

ಬಾಕಿ ಇರುವುದು ರಿನ್ಯೂ ಆದವು. ಒಂದೊಂದು ಸಲ ಒಂದೊಂದು ದರ, ಎಲ್ಲ ಸಾಲುಗಳನ್ನೂ ಗುಣಿಸಬೇಕು. ಕೂಡಿಸಲು ಸಮ್ ಇದೆ, ಗುಣಿಸಲು ಏನೂ ಇಲ್ಲ. ನ್ಯಾಚುರಲ್ ಲಾಗ್ (ಎಲ್‌ಎನ್) ತೆಗೆದು ಕೂಡಿಸಿ, ಆಮೇಲೆ ಅದರ ಉಲ್ಟಾ ಆದ ಎಕ್ಸ್‌ಪ್ ಹಾಕಿದರೆ ಗುಣಾಕಾರ ಆಗುತ್ತದೆ. ಮುಂದಿನ ಶನಿವಾರಕ್ಕೆ ಅದು. ಅಷ್ಟರಲ್ಲಿ ಅಮ್ಮ ಹಳೇ ಬಾಂಡುಗಳನ್ನು ಹುಡುಕಿಡಬೇಕು. ಬೀರುವಿನಲ್ಲಿ ಎಲ್ಲೋ ಇವೆಯಂತೆ.