ಭಾವನವರ ಉಪದೇಶ, ಗೆಳತಿಯ ಒಂದು ಮಾತು

ಭಾವನವರಿಗೆ ಈ ವಾರ ಸಣ್ಣ ಅವಮಾನವಾಗಿದೆ. ಪಿಯುಸಿ ಓದುವ ಮಗಳನ್ನು ಮಂಚದಿಂದ ಎಬ್ಬಿಸಲು ಅವರು ಸೈಕಲ್ ಕೊಡಿಸಿದ್ದರು, ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿದ್ದರು. ಊಟಕ್ಕೆ ಕೂತಾಗಲೆಲ್ಲ ವಿಶ್ವ ಆರೋಗ್ಯ ಸಂಸ್ಥೆಯನ್ನು ಎಳೆದು ತರುತ್ತಿದ್ದರು: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕು. ಹುಡುಗಿ ಜಪ್ಪಯ್ಯ ಎಂದರೂ ಏಳಲಿಲ್ಲ. ಸೈಕಲ್ಲಿನ ಮೇಲೆ ಟವೆಲ್ ಒಣಗುತ್ತಿತ್ತು.

ಭಾನುವಾರ ಬೆಳ್ಳಂಬೆಳಗ್ಗೆ ಅವಳ ಗೆಳತಿ ಗೇಟಿನಾಚೆ ನಿಂತು, "ಬೆಟ್ಟಕ್ಕೆ ಬರುತ್ತೀಯೋ ಇಲ್ಲವೋ? ನೀನು ಬರದಿದ್ದರೆ ನಾನೂ ಹೋಗುವುದಿಲ್ಲ" ಎಂದಳು. ಇವಳು ತಲೆಯನ್ನೂ ಬಾಚದೆ ಹೊರಟಳು. ಕಾವಲಿಗೆಂದು ಅಕ್ಕ ನನ್ನನ್ನೂ ಹಿಂದೆ ಅಟ್ಟಿದಳು.

ಚಾಮುಂಡಿ ಬೆಟ್ಟಕ್ಕೆ ಸಾವಿರದಷ್ಟು ಮೆಟ್ಟಿಲು. ಒಂದೊಂದಕ್ಕೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತಿದ್ದ ಹೆಂಗಸರನ್ನು ದಾಟಿಕೊಂಡು ಇಬ್ಬರೂ ಏರಿದರು. ಬಾಯಿಗೆ ಬಿಡುವೇ ಇಲ್ಲ. ಕೆಮಿಸ್ಟ್ರಿ ಮೇಷ್ಟರ ಅಣಕ, ಯಾರದೋ ಪ್ರೇಮದ ಗುಟ್ಟು, ನಡುನಡುವೆ ಏದುಸಿರು. ಒಬ್ಬಳು ಕೂತರೆ ಇನ್ನೊಬ್ಬಳೂ ಕೂರುತ್ತಿದ್ದಳು. ನಂದಿಯನ್ನು ಮುಟ್ಟುವಷ್ಟರಲ್ಲಿ ನನ್ನ ಮೊಣಕಾಲು ಕೈಕೊಟ್ಟಿತ್ತು. ಅವರಿಗೆ ಅಷ್ಟು ದೂರ ಹತ್ತಿದ್ದೇ ಗೊತ್ತಾಗಿರಲಿಲ್ಲ.

ನೀನು ಬರದಿದ್ದರೆ ನಾನೂ ಹೋಗುವುದಿಲ್ಲ. ಆ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಭಾವನವರೋ, ಸೋಫಾದಲ್ಲಿ ಒರಗಿ, ಹೊಟ್ಟೆಯ ಮೇಲೆ ರಿಮೋಟ್ ಇಟ್ಟುಕೊಂಡೇ ಮಗಳಿಗೆ ಓಡು ಎನ್ನುವವರು. ಗೆಳತಿಯ ಮಾತಿನಲ್ಲಿ ಸ್ವಲ್ಪ ಅಂಜಿಕೆಯೂ ಇತ್ತು ಎಂದು ನನ್ನ ಗುಮಾನಿ. ಒಂಟಿ ಹುಡುಗಿ ಓಡಿದರೆ ಬೀಡಾ ಅಂಗಡಿಯ ಮುಂದಿರುವವರೆಲ್ಲ ತಿರುಗಿ ನೋಡುತ್ತಾರೆ; ಇಬ್ಬರಿದ್ದರೆ ದುರುಗುಟ್ಟಿ ತಿರುಗಿ ನೋಡುವ ಧೈರ್ಯ ಇವರಿಗೂ ಬರುತ್ತದೆ. ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗಿಯರ ಪೈಕಿ ಶೇಕಡಾ 85 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ, ಹುಡುಗರಲ್ಲಿ ಈ ಪ್ರಮಾಣ ಶೇಕಡಾ 78 ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ಹೇಳಿದ್ದರು. ಇದನ್ನೆಲ್ಲ ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ.

ಇನ್ನೊಂದು ಸಂಗತಿ. ಅಂಕ ಕಡಿಮೆ ಎಂದು ಹೈಸ್ಕೂಲಿನಲ್ಲಿ ಇದೇ ಗೆಳತಿಯ ಸಹವಾಸ ಬಿಡಿಸಲು ನೋಡಿದ್ದವಳು ನಮ್ಮಕ್ಕ. ಸಂಜೆಯನ್ನು ಟ್ಯೂಷನ್ನಿಗೆ ಒಪ್ಪಿಸಿ, ಅಂಕಪಟ್ಟಿ ನೋಡಿ ಸ್ನೇಹಿತರನ್ನು ಆರಿಸಿಕೊಟ್ಟು, ಆಮೇಲೆ ಮಕ್ಕಳು ಮೊಬೈಲ್ ಬಿಡುವುದಿಲ್ಲ ಎಂದು ಗೋಳಾಡುವುದು! ನಾವೇನು ವ್ಯಾಯಾಮ ಮಾಡಿ ಬೆಳೆದವರೇ? ಗೆಳತಿಯ ಮನೆಗೆ ಹೋಗುತ್ತಿದ್ದೆವು. ಬೀಳ್ಕೊಡಲು ಅವಳು ನಮ್ಮ ಮನೆಯವರೆಗೆ ಬರುತ್ತಿದ್ದಳು, ಅವಳನ್ನು ಬಿಟ್ಟುಬರಲು ನಾವು ಮತ್ತೆ ಹೊರಡುತ್ತಿದ್ದೆವು. ಮಾತು ಮುಗಿದರೆ ತಾನೆ!

ಮುಂದಿನ ಭಾನುವಾರ ಕುಕ್ಕರಹಳ್ಳಿ ಕೆರೆಯಂತೆ. ಭಾವನವರು ತಾವೂ ಬರುತ್ತೇವೆ ಎಂದಿದ್ದಾರೆ. ಹುಡುಗಿಯರು ಇನ್ನೂ ಒಪ್ಪಿಲ್ಲ.