‘ಎಷ್ಟು ಬಂತು?’ ಅಂತ ಕೇಳುವವರಿಗೆ

ಮೈಸೂರಿನಲ್ಲಿ ಕುದುರೆ ರೇಸ್ ಸೀಸನ್ ಶುರುವಾದರೆ ಸಾಕು, ನನಗೆ ಒಂದೇ ಪ್ರಶ್ನೆ. "ಎಷ್ಟು ಬಂತು?" ಎದುರುಮನೆಯವರು ಕೇಳುತ್ತಾರೆ, ಹಾಲಿನವನು ಕೇಳುತ್ತಾನೆ, ಮದುವೆಮನೆಯಲ್ಲಿ ಎಲೆ ಮುಂದೆ ಕೂತವರು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಏನೂ ಬರಲಿಲ್ಲ. ಮುನ್ನೂರು ರೂಪಾಯಿ ಹೋಯಿತು. ಕೆಲವು ದಿನ ಅರ್ಧ ವಾಪಸ್ ಬರುತ್ತದೆ. ಒಂದು ಸಲ ಸಾವಿರದ ಇನ್ನೂರು ಬಂದಿತ್ತು, ನಾನೂ ಅಣ್ಣನೂ ಹೋಟೆಲಿನಲ್ಲಿ ಊಟ ಮಾಡಿ ಬಂದೆವು. ಇಡೀ ಸೀಸನ್ನಿನ ಲೆಕ್ಕ ತೆಗೆದರೆ ಹೋಗಿದ್ದೇ ಜಾಸ್ತಿ. ಹೋಗಲೇಬೇಕು, ಟೋಟ್ (ರೇಸ್ ಕ್ಲಬ್ಬೇ ನಡೆಸುವ ಬೆಟ್ಟಿಂಗ್) ನಡೆಯೋದೇ ಹಾಗೆ. ಒಂದು ರೇಸಿಗೆ ಜನ ಕಟ್ಟಿದ ದುಡ್ಡೆಲ್ಲ ಒಂದು ಕಡೆ ಸೇರುತ್ತದೆ. ಅದರಲ್ಲಿ ಕ್ಲಬ್ಬಿನ ಪಾಲು ಹೋಗುತ್ತದೆ, ತೆರಿಗೆ ಹೋಗುತ್ತದೆ. ಉಳಿದದ್ದನ್ನು ಗೆದ್ದ ಟಿಕೆಟ್ಟುಗಳಿಗೆ ಹಂಚುತ್ತಾರೆ. ಜಿಎಸ್‌ಟಿ ಮೊದಲು ನೂರಕ್ಕೆ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ಕಟ್ಟಿದವರೆಲ್ಲ ಸೇರಿ ಕಟ್ಟಿದಷ್ಟು ವಾಪಸ್ ತರೋದು ಆಗದ ಮಾತು. ಇದು ಗೊತ್ತಿದ್ದೇ ಹೋಗುತ್ತೇನೆ. ದಸರಾ ವಸ್ತುಪ್ರದರ್ಶನಕ್ಕೆ ಹೋಗಿ, ಜೈಂಟ್ ವೀಲ್ ಹತ್ತಿ, ಹಪ್ಪಳ ತಿಂದು ಬಂದವರನ್ನು ಯಾರಾದರೂ "ಎಷ್ಟು ಬಂತು" ಅಂತ ಕೇಳುತ್ತಾರಾ?

ಹೊಸತೊಡಕಿನ ದಿನ ನಡೆದದ್ದನ್ನು ಹೇಳಲೇಬೇಕು. ಮದ್ದೂರಿನ ಹತ್ತಿರ ನಮ್ಮ ತವರು. ಯುಗಾದಿಯ ಮಾರನೇ ದಿನ ಅಲ್ಲಿ ಬಾಡೂಟ. ಬಾಡು ಬೇಯುವಷ್ಟರಲ್ಲಿ ಗಂಡಸರು ಹೊಂಗೆ ಮರದ ಕೆಳಗೆ ಚಾಪೆ ಹಾಕಿ ಇಸ್ಪೀಟಿಗೆ ಕೂತಾಗಿರುತ್ತದೆ. ನಾನು ಬಸ್ಸಿಳಿದು ಚೀಲ ಹಿಡಿದು ಬರುತ್ತಿದ್ದೆ. ಅಂದರ್ ಬಾಹರ್ ಆಡುತ್ತಿದ್ದ ನಮ್ಮ ಸೋದರಮಾವ, ಕೈಯಲ್ಲಿ ಐನೂರರ ನೋಟುಗಳನ್ನು ಮಡಚಿ ಹಿಡಿದುಕೊಂಡೇ ಕೂಗಿದರು. "ಏನವ್ವ, ಕುದ್ರೆ ಎಷ್ಟು ಕೊಡ್ತು ಈ ಸಲ? ಧರ್ಮರಾಯನ್ ಕತೆ ಮರ್ತೋಯ್ತಾ?"

ಎಲ್ಲರೂ ನಕ್ಕರು. ನಾನು ಚೀಲ ಕೆಳಗಿಟ್ಟೆ. "ಮಾವ, ಧರ್ಮರಾಯ ಹೆಂಡ್ತಿನ ಇಟ್ಟ. ನಾನು ಐವತ್ತು ರೂಪಾಯಿ ಇಟ್ಟೆ" ಅಂದೆ. ಆಗಲೂ ನಕ್ಕರು. ಸಿಟ್ಟು ಇಳಿದಿರಲಿಲ್ಲ, ಸುಪ್ರೀಂ ಕೋರ್ಟನ್ನೂ ಕರೆತಂದೆ. ಕುದುರೆ ರೇಸ್ ಮುಖ್ಯವಾಗಿ ಜಾಣ್ಮೆಯ ಆಟ, ಬರೀ ಅದೃಷ್ಟದ್ದಲ್ಲ ಅಂತ 1996ರಲ್ಲೇ ಕೋರ್ಟ್ ಹೇಳಿದೆ. ನೀವು ಆಡ್ತಿರೋದು ಎಲೆ ಒಳಗೆ ಬಿತ್ತಾ, ಹೊರಗೆ ಬಿತ್ತಾ ಅಂತ, ಅದರಲ್ಲಿ ಯಾವ ಜಾಣ್ಮೆ ಇದೆ ಅಂತ ಕೇಳಿದೆ. ಮಾವ ಆ ಹೊತ್ತಿಗೆ ಮುಂದಿನ ಎಲೆ ನೋಡುತ್ತಿದ್ದರು. ಕೇಳಿಸಿಕೊಳ್ಳಲಿಲ್ಲ. ಹಾಗಂತ ಕೋರ್ಟಿನ ಮಾತು ಯಾರ ಜೇಬನ್ನೂ ಕಾಯುವುದಿಲ್ಲ. ಕುದುರೆ ಬಗ್ಗೆ ಎಲ್ಲ ಬಲ್ಲವರೂ ಸೋತು ಹೋಗುವುದನ್ನು ನೋಡಿದ್ದೇನೆ.

ಹಾಗಾದರೆ ಮುನ್ನೂರು ರೂಪಾಯಿಗೆ ನನಗೆ ಸಿಗೋದೇನು? ಒಂದು ಮಧ್ಯಾಹ್ನ ಪೂರ್ತಿ. ಚಾಮುಂಡಿ ಬೆಟ್ಟದ ತಪ್ಪಲು, ಎದುರಿಗೆ ಹಸಿರು. ಮೈಸೂರು ರೇಸ್ ಕ್ಲಬ್ 1891ರದು, ಮರಗಳೂ ಹಳೆಯವು. ಒಂದು 1200 ಮೀಟರ್ ರೇಸ್ ಮುಗಿಯೋಕೆ ಒಂದೂಕಾಲು ನಿಮಿಷ ಸಾಕು. ರೇಸಿಗೂ ರೇಸಿಗೂ ನಡುವೆ ಅರ್ಧ ಗಂಟೆ. ಮಜಾ ಇರೋದು ಆ ಅರ್ಧ ಗಂಟೆಯಲ್ಲಿ, ಇದು ಹೊರಗಿನವರಿಗೆ ಗೊತ್ತಾಗೋದೇ ಇಲ್ಲ.

ರೇಸಿಗೆ ಮುಂಚೆ ಕುದುರೆಗಳನ್ನು ಪ್ಯಾಡಕ್ಕಿನಲ್ಲಿ, ಅಂದರೆ ಬೇಲಿ ಹಾಕಿದ ಅಂಗಳದಲ್ಲಿ, ಸುತ್ತು ಹಾಕಿಸುತ್ತಾರೆ. ನಾನು ಬೇಲಿಗೆ ಒರಗಿ ನಿಲ್ಲುತ್ತೇನೆ. ಹೋದ ಸೀಸನ್ನಿನಲ್ಲಿ ಒಂದು ಕಂದು ಹೆಣ್ಣು ಕುದುರೆ. ಎಲ್ಲರ ಬಾಯಲ್ಲೂ ಅದೇ ಫೇವರಿಟ್. ಹತ್ತಿರ ಬಂದಾಗ ನೋಡಿದೆ, ತೊಡೆ ಸಂದಿಯಲ್ಲಿ ಸೋಪಿನ ನೊರೆಯ ಹಾಗೆ ಬೆವರು. ಕಿವಿ ಹಿಂದಕ್ಕೆ ಮಲಗಿತ್ತು. ಕುದುರೆ ನೋಡಿಕೊಳ್ಳುವ ಸೈಸ್ ಅದರ ಕುತ್ತಿಗೆ ತಟ್ಟುತ್ತಾ ಏನೋ ಹೇಳುತ್ತಿದ್ದ. ಅದರ ಹಿಂದೆ ಬಂದ ಕಪ್ಪು ಕುದುರೆ ತಲೆ ತಗ್ಗಿಸಿ ಆರಾಮಾಗಿ ನಡೆಯುತ್ತಿತ್ತು, ಮೈ ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು. ರೇಸ್ ಪುಸ್ತಕ ತೆಗೆದು ಯಾವ ಕುದುರೆ ಎಷ್ಟು ಭಾರ ಹೊರಬೇಕು ಅಂತ ನೋಡಿದೆ. ಹ್ಯಾಂಡಿಕ್ಯಾಪ್ ರೇಸ್ ಅಂದರೆ ಹಿಂದೆ ಚೆನ್ನಾಗಿ ಓಡಿದ ಕುದುರೆಗೆ ಜಾಸ್ತಿ ಭಾರ, ಎಲ್ಲಕ್ಕೂ ಗೆಲ್ಲುವ ಅವಕಾಶ ಸಮ ಆಗಲಿ ಅಂತ. ಜಾಕಿಯ ತೂಕ ಸಾಲದಿದ್ದರೆ ಸೀಸದ ತುಂಡು ಸೇರಿಸಿ ಸರಿ ಮಾಡುತ್ತಾರೆ. ಕಂದು ಕುದುರೆಗೆ 60 ಕೆಜಿ, ಕಪ್ಪಿಗೆ 52. ಅಣ್ಣ ಕಂದು ಅಂದ, ನಾನು ಕಪ್ಪು ಅಂದೆ. ಕೌಂಟರಿಗೆ ಹೋಗುವ ದಾರಿ ಉದ್ದಕ್ಕೂ ಜಗಳ. ಐವತ್ತು ರೂಪಾಯಿ ಕಟ್ಟಿದ್ದಕ್ಕೇ ಆ ಜಗಳಕ್ಕೆ ರುಚಿ. ಕಟ್ಟದೆ ಸುಮ್ನೆ ನೋಡಿದರೆ ಕಣ್ಣು ಅಷ್ಟು ಚುರುಕಾಗುವುದಿಲ್ಲ, ಎರಡೂ ಮಾಡಿ ನೋಡಿದ್ದೇನೆ. ಐನೂರು ಕಟ್ಟಿದ್ದರೆ ಕುದುರೆ ಕಾಣಿಸುತ್ತಲೇ ಇರಲಿಲ್ಲ, ಬರೀ ಐನೂರು ಕಾಣಿಸುತ್ತಿತ್ತು.

ಕಪ್ಪು ಮೂರನೆಯದಾಗಿ ಬಂತು. ನಾನು ಕಟ್ಟಿದ್ದು ಪ್ಲೇಸ್‌ಗೆ, ಅಂದರೆ ಗೆಲ್ಲದಿದ್ದರೂ ಮುಂದಿನ ಸ್ಥಾನಗಳಲ್ಲಿ ಬಂದರೆ ಸಾಕು ಅಂತ, ಹಾಗಾಗಿ ಎಂಬತ್ತು ಚಿಲ್ಲರೆ ಕೈಗೆ ಬಂತು. ಚಿಕ್ಕದಾಗಿ ಕಟ್ಟುವವರಿಗೆ ಪ್ಲೇಸ್ ಒಳ್ಳೆಯದು. ಹೆಚ್ಚು ಸಿಗುವುದಿಲ್ಲ, ಆದರೆ ಕೊನೆಯ ಇನ್ನೂರು ಮೀಟರಿನವರೆಗೂ ಆಸೆ ಉಳಿದಿರುತ್ತದೆ. ಜಾಕ್‌ಪಾಟ್ ನನಗೆ ಹಿಡಿಸುವುದಿಲ್ಲ. ಐದು ರೇಸಿನ ಗೆಲುವನ್ನೂ ಒಂದೇ ಟಿಕೆಟ್ಟಿನಲ್ಲಿ ಹೇಳಬೇಕು. ಮೊದಲನೆಯದರಲ್ಲೇ ಕುದುರೆ ಕೈಕೊಟ್ಟರೆ ಉಳಿದ ಮಧ್ಯಾಹ್ನ ಸಪ್ಪೆ.

ನಿಮಗೆ ಕೇಳಲೇಬೇಕು ಅನ್ನಿಸಿದರೆ ಬೇರೆ ಪ್ರಶ್ನೆ ಕೇಳಿ. "ನೀನು ಹೇಗೆ ಎದ್ದು ಬರ್ತೀಯ?" ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಒಬ್ಬರೇ.

ಎದ್ದು ಬರೋದನ್ನು ನಾನು ಕಲಿತದ್ದು ದೊಡ್ಡಮ್ಮನಿಂದ. ಹೊಸತೊಡಕಿನ ದಿನ ಹೆಂಗಸರು ನಡುಮನೆಯಲ್ಲಿ ರಮ್ಮಿ ಆಡುತ್ತಿದ್ದರು, ಆಟಕ್ಕೆ ಒಂದು ರೂಪಾಯಿ. ದೊಡ್ಡಮ್ಮ ಬೆಳಿಗ್ಗೆಯೇ ಇಪ್ಪತ್ತು ನಾಣ್ಯ ಎಣಿಸಿ ಸೆರಗಿನ ಚುಂಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಆ ದುಡ್ಡು ಅವರ ಲೆಕ್ಕದಲ್ಲಿ ಆಗಲೇ ಖರ್ಚಾದಂತೆ. ಗಂಟು ಖಾಲಿಯಾದ ಕೂಡಲೇ ಎಲೆ ಕೆಳಗಿಟ್ಟು, "ಸಾಕು ಕಣ್ರವ್ವ, ಸಾರು ನೋಡ್ಬೇಕು" ಅಂತ ಎದ್ದುಬಿಡುತ್ತಿದ್ದರು. "ನಾನು ಕೊಡ್ತೀನಿ ಇನ್ನೊಂದು ಆಟಕ್ಕೆ ಕೂತ್ಕೊಳಿ" ಅಂತ ಯಾರಾದರೂ ಸೆರಗು ಹಿಡಿದು ಎಳೆದರೂ ಕೂರುತ್ತಿರಲಿಲ್ಲ. ಸಾಲದ ನಾಣ್ಯ ಮುಟ್ಟಿದ್ದನ್ನು ನಾನು ನೋಡಿಲ್ಲ.

ನನ್ನದು ಜಿಪ್ ಇರುವ ಸಣ್ಣ ಪರ್ಸು. ಅದರಲ್ಲಿ ಆರು ಐವತ್ತರ ನೋಟು. ಫೋನು ಮನೆಯಲ್ಲೇ. ಗೆದ್ದ ದುಡ್ಡನ್ನು ಪರ್ಸಿಗೆ ಹಾಕುವುದಿಲ್ಲ, ಬ್ಯಾಗಿನ ಬೇರೆ ಜೇಬಿಗೆ. ಪರ್ಸು ಖಾಲಿಯಾದರೆ ಉಳಿದ ರೇಸು ಸುಮ್ನೆ ನೋಡಿ ಬಸ್ ಹತ್ತುತ್ತೇನೆ.

ಆ ಒಬ್ಬ ಅಂದೆನಲ್ಲ, ಅವನು ನಮ್ಮ ಆಫೀಸಿನ ಹುಡುಗ. ಮಂಡ್ಯದ ಕಡೆಯವನು. ಎಲ್ಲರೂ ಟೀಗೆ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತ. "ಮೇಡಂ, ನೀವು ಹೇಗೆ ಎದ್ದು ಬರ್ತೀರಿ?" ಅಂದ. ಗಂಟಿನ ಕಥೆ ಹೇಳಿದೆ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಐಪಿಎಲ್ ಬೆಟ್ಟಿಂಗ್, ಫೋನಿನಲ್ಲಿ. ಅಪ್ಪನ ಕಬ್ಬಿನ ದುಡ್ಡೂ ಹೋಗಿತ್ತು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಲ್ಲಿಸಲು 2025ರ ಆಗಸ್ಟ್‌ನಲ್ಲಿ ಕೇಂದ್ರ ಕಾನೂನು ಬಂತು ನಿಜ, ಇವನದು ಅದಕ್ಕೂ ಮೊದಲೇ ಹೋಗಿತ್ತು. ನಮ್ಮ ರೇಸ್‌ಕೋರ್ಸಿನಲ್ಲಿ ಕೊನೆಯ ರೇಸ್ ಆದ ಮೇಲೆ ಎಲ್ಲರೂ ಮನೆಗೆ ಹೋಗಲೇಬೇಕು. ಫೋನಿಗೆ ಕೊನೆಯ ರೇಸ್ ಎಲ್ಲಿದೆ? ನನ್ನ ಪರ್ಸು ಅವನ ಕೆಲಸಕ್ಕೆ ಬರುವುದಿಲ್ಲ ಅಂತ ಆಗಲೇ ಗೊತ್ತಾಯಿತು. ಚಿಕ್ಕದಾಗಿ ಆಡೋದು ಎಲ್ಲರ ಕೈಲಿ ಆಗುವ ಮಾತಲ್ಲ. ಅಂಥವರು ಒಂದು ರೂಪಾಯಿಯೂ ಇಡಬಾರದು, ಅದನ್ನೇ ಅವನಿಗೂ ಹೇಳಿದೆ. ರೇಸಿಗೆ ಬಾ ಅಂತ ಅವನನ್ನು ಯಾವತ್ತೂ ಕರೆದಿಲ್ಲ.

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. ಆ ಭಾನುವಾರ ಅವನ ಜೊತೆ ಬಸ್ಸಿನಲ್ಲಿ ಅವನ ಊರಿಗೆ ಹೋದೆ. ಅವನ ಅಣ್ಣ ಜಗುಲಿಯ ಮೇಲೆ ಕೂತಿದ್ದರು. ಹುಡುಗ ನಿಂತುಕೊಂಡೇ ಎಲ್ಲ ಹೇಳಿದ, ಯಾರಿಗೆ ಎಷ್ಟು ಕೊಡಬೇಕು ಅನ್ನುವವರೆಗೆ. ಅಣ್ಣ ತುಂಬಾ ಹೊತ್ತು ಬೀದಿ ಕಡೆ ನೋಡುತ್ತಾ ಕೂತರು. ಆಮೇಲೆ ಅವನ ಕಡೆ ತಿರುಗಿ, "ಊಟ ಮಾಡಿದ್ಯೇನ್ಲಾ?" ಅಂದರು.